ಅವ್ವನ ಎಡಗೈ, ಹಿರೇಮದ್ದಿನ ಬೇರು

ಅವ್ವನ ಎಡಗೈ ನಡುಗತೊಡಗಿದಾಗ ಅವಳ ಪೂಜೆಗೇ ಕುತ್ತು ಬಂತು. ಇಷ್ಟಲಿಂಗವನ್ನು ಎಡ ಅಂಗೈ ಮೇಲಿಟ್ಟುಕೊಂಡೇ ಪೂಜಿಸಬೇಕು. ಮಣೆಯ ಮೇಲಿಟ್ಟರೆ ಅವಳ ಪಾಲಿಗೆ ಅದು ಪೂಜೆಯೇ ಅಲ್ಲ. ಒಂದು ಮುಂಜಾನೆ ಲಿಂಗ ಜಾರಿ ಮಡಿಲಿಗೆ ಬಿತ್ತು. ಅಂದಿನಿಂದ ಅದನ್ನು ಕೊರಳಿನ ಬೆಳ್ಳಿ ಕರಡಿಗೆಯಿಂದ ಹೊರಗೆ ತೆಗೆಯುವುದನ್ನೇ ಬಿಟ್ಟಳು. ಪೂಜೆಯಾಗದೆ ತುತ್ತು ಬಾಯಿಗಿಡದವಳು ಕಣ್ಣೊರೆಸಿಕೊಂಡು ರೊಟ್ಟಿ ಮುರಿಯುತ್ತಿದ್ದಳು. ಡಾಕ್ಟರು ಪಾರ್ಕಿನ್ಸನ್ ಎಂದರು. ಅವರ ಗುಳಿಗೆಯಿಂದ ಮೈ ಸಡಿಲವಾಯಿತು, ನಡುಕ ನಿಲ್ಲಲಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳವು. ನಾನು ಗುಲಬರ್ಗಾದಲ್ಲಿ ಔಷಧ ವಿಜ್ಞಾನದ ಸಂಶೋಧನೆ ಮಾಡುತ್ತಿದ್ದೆ. ಸುಮ್ಮನೆ ಕೂಡುವ ಜಾಯಮಾನ ನನ್ನದಲ್ಲ. ಅತನೂರಿನ ನಮ್ಮ ಹೊಲದ ಬದುವಿನಲ್ಲೇ ಅಶ್ವಗಂಧ ಬೆಳೆದಿತ್ತು. ನರದೌರ್ಬಲ್ಯಕ್ಕೆ ಕೊಡುವ ಅದನ್ನು ನಾವು ಹಿರೇಮದ್ದು ಅನ್ನುತ್ತೇವೆ. ಅದನ್ನೇ ಪರೀಕ್ಷಿಸುತ್ತೇನೆಂದು ಹಟ ಹಿಡಿದೆ.

"ಬೇರು-ನಾರು ಕುದಿಸಿ ಏನ್ ಮಾಡ್ತೀರಿ ಮೇಡಮ್ಮರ?" ಎಂದು ಸಹೋದ್ಯೋಗಿಯೊಬ್ಬರು ಛೇಡಿಸಿದರು.

"ನೋಡ್ಕೋತ ಇರ್ರಿ!" ಎಂದೆ.

ಬೇರು ಒಣಗಿಸಿ, ಪುಡಿ ಮಾಡಿ, ಸ್ಪಿರಿಟ್ಟಿನಲ್ಲಿ ನೆನೆಸಿ ಸಾರ ತೆಗೆದೆ. ಅರ್ಧ ಇಲಿಗಳಿಗೆ ದಿನಾ ಸಾರ, ಉಳಿದವಕ್ಕೆ ಬರೀ ನೀರು. ಆಮೇಲೆ ಎಲ್ಲವಕ್ಕೂ ಪಾರ್ಕಿನ್ಸನ್ ರೋಗದಂತೆ ಮೈ ಬಿಗಿಸುವ ಇಂಜೆಕ್ಷನ್ ಕೊಟ್ಟು, ಮುಂಗಾಲುಗಳನ್ನು ಸರಳಿನ ಮೇಲಿಟ್ಟೆ. ನೀರು ಕುಡಿದವು ಅಲ್ಲೇ ಮರಗಟ್ಟಿ ನಿಂತವು. ಸಾರ ಕುಡಿದವು ಲಗುಬಗೆಯಿಂದ ಇಳಿದವು. ಮತ್ತೆ ಮಾಡಿದೆ, ಮತ್ತೂ ಅದೇ. ಭಲೇ! ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಅಫಜಲಪುರದ ಬಸ್ಸು ಹತ್ತಿ ಊರಿಗೆ ಹೋದವಳು ಬಾಗಿಲಲ್ಲೇ ಕೂಗಿದೆ: "ಯವ್ವಾ, ನನ್ನ ಇಲಿ ಗೆದ್ದಾವ!"

ಅವ್ವ ಜಳಕ ಮಾಡಿ, ವಿಭೂತಿ ಹಚ್ಚಿಕೊಂಡು, ಬಹಳ ದಿನಗಳ ಮೇಲೆ ಕರಡಿಗೆ ತೆರೆದು ನನ್ನೆದುರು ಕುಳಿತಳು. "ಕೊಡು ಬೇ ಔಷಧ. ಕುಡಿದು ಪೂಜಾ ಮಾಡ್ಕೋತೇನಿ."

"ಯವ್ವಾ, ಈ ಜಡ್ಡಿಗೆ ಈ ಸಾರ ಮನುಷ್ಯಾರಿಗೆ ಇನ್ನೂ ಕೊಟ್ಟು ನೋಡಿಲ್ಲ. ಇಲಿಗೂ ಜಡ್ಡು ಬರೂಕಿಂತ ಮೊದಲ ಕೊಟ್ಟಿದ್ದೆ. ಬಂದ ಮ್ಯಾಲೆ ಕೊಟ್ರ ಏನಾಗ್ತದೋ ನನಗ ಗೊತ್ತಿಲ್ಲ."

ಅವಳ ಮುಖ ಸಣ್ಣದಾಯಿತು. ನಡುಗುವ ಬೆರಳಿಗೆ ಕರಡಿಗೆಯ ಮುಚ್ಚಳ ಹತ್ತಲಿಲ್ಲ; ನಾನೇ ಹಾಕಿದೆ. ಅವಳು ನನ್ನ ಎಡಗೈ ಹಿಡಿದುಕೊಂಡು ಅಂಗೈಯನ್ನು ತಿರುವಿ ನೋಡಿದಳು.

"ಹಂಗಾರ ನಿಲ್ಲಸಬ್ಯಾಡ, ನಡಸು. ನನ್ನ ಕೈ ಹೋತು. ನೀ ನನ್ನಷ್ಟು ಮುದುಕಿ ಆದಾಗ ನಿನ್ನ ಕೈಯಾಗ ಲಿಂಗ ನಿಂದರಬೇಕು."