ಕೆಮ್ಮು ಸಮೇತ ಓದಿದ ಪಾಠ

ಹಾಸನದಲ್ಲಿ ನಾನು ಮೇಷ್ಟ್ರಾಗಲು ಟಿಸಿಎಚ್ ಓದುವಾಗ, ಕನ್ನಡ ಬೋಧನೆ ಹೇಳಿಕೊಡುತ್ತಿದ್ದ ಮೇಷ್ಟ್ರು ಎರಡು ವಾಕ್ಯಕ್ಕೊಮ್ಮೆ ಕೆಮ್ಮುತ್ತಿದ್ದರು. ಅವರನ್ನು ಹಾಸ್ಟೆಲ್ಲಿನಲ್ಲಿ ಅಣಕಿಸಿ ಅಣಕಿಸಿ ನನ್ನ ಸ್ವಂತ ದನಿಯೇ ನನಗೆ ಮರೆತುಹೋಯಿತು. ದೊಡ್ಡ ನಷ್ಟವೇನಲ್ಲ, ಅದನ್ನು ಕೇಳಬೇಕೆಂದು ಯಾರೂ ಕಾದಿರಲಿಲ್ಲ.

ಅಭ್ಯಾಸ ಪಾಠಕ್ಕೆ ನಮ್ಮನ್ನು ಹೊಳೆನರಸೀಪುರದ ಒಂದು ಶಾಲೆಗೆ ಹಾಕಿದರು. ನಾಲ್ಕನೇ ತರಗತಿಗೆ ಎಲ್ಲರೂ ಜೇನುಹುಳದ ಪಾಠವನ್ನೇ ಮಾಡಿದೆವು. ಕಾರಣ ಶೈಕ್ಷಣಿಕ: ಹಿಂದಿನ ವರ್ಷದವರು ಜೇನುಹುಳದ ಚಾರ್ಟು ಬಿಟ್ಟುಹೋಗಿದ್ದರು. ನಾನು ಪ್ರಶ್ನೆ ಮರೆತರೆ ಮುಂದಿನ ಸಾಲಿನ ಮಕ್ಕಳು, "ಸಾ, ಈಗ ಊವಿನ ಮ್ಯಾಲೆ ಏನ್ ಕೂತೈತೆ ಅಂತ ಕೇಳ್ಬೇಕು ಸಾ" ಎಂದು ದಾರಿಗೆ ತರುತ್ತಿದ್ದರು.

ಅಲ್ಲೊಬ್ಬಳು ಹುಡುಗಿ ತಡವರಿಸದೆ ಓದುತ್ತಿದ್ದಳು. ಯಾರಾದರೂ ಪಾಠ ನೋಡಲು ಬಂದರೆ ನಾವು ಅವಳನ್ನೇ ಎಬ್ಬಿಸುತ್ತಿದ್ದೆವು.

ಪರೀಕ್ಷೆಯ ದಿನ ಚನ್ನರಾಯಪಟ್ಟಣದಿಂದ ಬಂದ ಪರೀಕ್ಷಕರೂ ನಮ್ಮ ಮೇಷ್ಟ್ರೂ ಹಿಂದಿನ ಬೆಂಚಿನಲ್ಲಿ ಕೂತರು. ಅರಕಲಗೂಡಿನಲ್ಲಿ ಅಪ್ಪ ಆಗಲೇ "ನಮ್ಮುಡುಗ ಮೇಷ್ಟ್ರಾಗ್ಬುಟ್ಟ" ಎಂದು ಊರಿಗೆಲ್ಲ ಹೇಳಿಯಾಗಿತ್ತು. ಫೇಲಾಗುವಂತಿರಲಿಲ್ಲ. ಹುಡುಗಿಯನ್ನು ಎಬ್ಬಿಸಿದೆ. ಎರಡು ವಾಕ್ಯ ಓದಿ ಕೆಮ್ಮಿದಳು. ಮತ್ತೆರಡು ಓದಿ ಮತ್ತೆ ಕೆಮ್ಮಿದಳು.

"ಉಷಾರಿಲ್ವೇನಮ್ಮಾ?" ಎಂದು ಕೇಳಿ ಮೇಷ್ಟ್ರೂ ಕೆಮ್ಮಿದರು. ಅದೊಂದೇ ಅಸಲಿ.

ಹತ್ತಿರ ಹೋಗಿ ನೋಡಿದೆ. ಜೇನುಹುಳದ ಪಾಠಕ್ಕೆ ಅವಳು ತೆರೆದಿದ್ದ ಪುಟದಲ್ಲಿ ಆನೆ ನಿಂತಿತ್ತು. ಅವಳಿಗೆ ಓದಲು ಬರುತ್ತಿರಲಿಲ್ಲ; ನಮ್ಮೆಲ್ಲರ ಪಾಠ ಕೇಳಿ ಕೇಳಿ, ಪಾಠ ಮಾಡುವಾಗಲೂ ನನ್ನಿಂದ ಬರುತ್ತಿದ್ದ ಅಣಕು ಕೆಮ್ಮಿನ ಸಮೇತ ಬಾಯಿಪಾಠ ಮಾಡಿಕೊಂಡಿದ್ದಳು. ಅಪ್ಪಟ ನನ್ನ ಕಸುಬಿನವಳು.

"ಚೆನ್ನಾಗಿ ಓದ್ತಾಳೆ. ಮುಂದಿನ ಪಾಠದಿಂದ ನಾಲ್ಕು ಸಾಲು ಓದಿಸಿ" ಎಂದರು ಪರೀಕ್ಷಕರು.

ಅವಳು ಪುಸ್ತಕವನ್ನು ಬಿಗಿಯಾಗಿ ಹಿಡಿದುಕೊಂಡಳು. ನಾನು, "ಮೊದಲು ಮಾದರಿ ವಾಚನ ಸಾರ್" ಎಂದು ಆ ನಾಲ್ಕು ಸಾಲನ್ನು ನಿಧಾನವಾಗಿ, ಕೆಮ್ಮದೆ ಓದಿದೆ. ಅವಳು ಅಷ್ಟನ್ನೂ ಒಂದಕ್ಷರ ಬಿಡದೆ ಹಿಂದಿರುಗಿಸಿದಳು. ಪರೀಕ್ಷಕರು ತಲೆಯಾಡಿಸುತ್ತ ಅಂಕ ಬರೆದರು.

ಮರುದಿನ ಚಾರ್ಟು ತರಲು ಹೋದಾಗ ಬಾಗಿಲಲ್ಲೇ ಹಿಡಿದಳು.

"ಸಾ, ನೆನ್ನೆ ನಾನ್ ಓದ್ನಿಲ್ಲ ಅಂತ ಗೊತ್ತಾಯ್ತಾ?"

"ಗೊತ್ತಾಯ್ತು ಕಣಮ್ಮಿ."

"ಮತ್ತ್ಯಾಕ್ ಯೋಳ್ನಿಲ್ಲ?"

"ನಾನೂ ಪಾಠ ಮಾಡ್ನಿಲ್ಲ. ನೀನ್ ಯೋಳಿದ್ಯಾ?"

ಫಲಿತಾಂಶ ಬರುವವರೆಗೆ ಅರಕಲಗೂಡಿನಿಂದ ಬಸ್ಸು ಹಿಡಿದು ಹೋಗಿ ಅವಳಿಗೆ ಅಕ್ಷರ ತೋರಿಸಿದೆ. ನಾನು ಒಂದು ಸಾಲು ಓದಿದರೂ ಅದನ್ನು ನುಂಗಿಬಿಡುತ್ತಿದ್ದಳು. ಹಾಗಾಗಿ ನನ್ನ ಮೊದಲ ನಿಜವಾದ ಪಾಠವನ್ನು ಬಾಯಿ ಮುಚ್ಚಿಕೊಂಡೇ ಮಾಡಿದೆ.

ಕೆಲವು ವಾರಗಳ ಮೇಲೆ ಆನೆಯ ಪಾಠದ ಒಂದು ಸಾಲನ್ನು ಬೆರಳಿಟ್ಟು, ಮುಗ್ಗರಿಸಿ, ಬೆವರಿ ಓದಿ ಮುಗಿಸಿದಳು. ಕೆಮ್ಮಲಿಲ್ಲ. ಆಮೇಲೆ ಮುಖ ಕಿವುಚಿದಳು.

"ಸಂದಾಗಿಲ್ಲ ಕಣ್ಸಾ. ಮೊದ್ಲೇ ಸಂದಾಗಿತ್ತು."

ನನಗೂ ಹಾಗೆಯೇ ಅನ್ನಿಸಿತು. ಮುಂದಿನ ಸಾಲಿನ ಮೇಲೆ ಬೆರಳಿಟ್ಟೆ.