ಗಿಟಾರ್ ಬಿಟ್ಟ ಬೆರಳುಗಳು

ಕೊಲ್ಲಿ ದೇಶದ ರುಸೈಲ್‌ನ ಕಾರ್ಖಾನೆಗಳ ನಡುವಿನ ಚಹಾದಂಗಡಿಯಲ್ಲಿ ಟ್ಯಾಕ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಸೇಫ್ಟಿ ಹೆಲ್ಮೆಟ್ ಹಿಡಿದ ಬಿಳಿಯನೊಬ್ಬ ಕುಳಿತಿದ್ದ.

"ಸ್ಕಾಟ್ಲೆಂಡಿನವರು ಮಾರಾಯ್ರೆ, ಮೊದಲು ಬ್ಯಾಂಡಿನಲ್ಲಿ ಗಿಟಾರ್ ಬಾರಿಸ್ತಿದ್ರು," ಎಂದರು ಅಂಗಡಿಯ ಹಮೀದಾಕ, ಉಳ್ಳಾಲದವರು.

ನಾಲ್ವರು ಗೆಳೆಯರು, ಮೂರು ಆಲ್ಬಮ್, ಹಳೆಯ ವ್ಯಾನಿನಲ್ಲಿ ಹದಿನೈದು ವರ್ಷ ಊರೂರು ತಿರುಗಾಟ. ಕೇಳುವವರು ಕಡಿಮೆಯಾದಂತೆ ಒಬ್ಬೊಬ್ಬರೇ ಬಿಟ್ಟು ಹೋದರಂತೆ.

"ನಾನೇ ಕೊನೆಯವನು," ಎಂದ ಆ ಬಿಳಿಯ.

"ಈಗಲೂ ಬಾರಿಸ್ತೀರಾ?" ಎಂದು ಕೇಳಿದೆ. ಕೇಳಬಾರದಿತ್ತು.

ತಂತಿ ಒತ್ತುತ್ತಿದ್ದ ಎಡಗೈಯ ಬೆರಳತುದಿಗಳನ್ನು ತೋರಿಸಿದ. "ಆಗ ಇಲ್ಲಿ ಚರ್ಮ ಕಲ್ಲಿನಂತೆ ದಡ್ಡುಗಟ್ಟಿತ್ತು. ಎಷ್ಟೇ ಬಿಸಿ ಲೋಟ ಹಿಡಿದರೂ ಗೊತ್ತಾಗುತ್ತಿರಲಿಲ್ಲ."

ಹಮೀದಾಕ ಚಹಾ ತಂದರು. ನನಗೆ ಗಾಜಿನ ಲೋಟದಲ್ಲಿ. ಅವನಿಗೆ, ಅವನು ಕೇಳದೆಯೇ, ಹಿಡಿಯಿರುವ ಕಪ್ಪಿನಲ್ಲಿ.