ರೋಗಾಣುವಿಗೆ ಅಡುಗೆ ಮಾಡುವ ಮೊಟ್ಟೆಯಕ್ಕ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಸಂಶೋಧನಾಲಯದ ನೆಲಮಹಡಿಯ ಕೊನೆಯ ಕೋಣೆಯಲ್ಲಿ ಮಾತ್ರ ದೀಪ ಹತ್ತಿದೆ. ತಲೆಗೆ ಬಿಳಿ ಟೋಪಿ, ಕೈಗೆ ಗವಸು ತೊಟ್ಟ ಐವತ್ನಾಲ್ಕರ ಹೆಂಗಸೊಬ್ಬರು ಸ್ಪಿರಿಟ್ಟಿನಲ್ಲಿ ಮಿಂದೆದ್ದ ಮೊಟ್ಟೆಯೊಂದನ್ನು ಎತ್ತಿ ಗಾಜಿನ ಬಟ್ಟಲಿನ ಅಂಚಿಗೆ ಒಮ್ಮೆ, ಒಂದೇ ಒಮ್ಮೆ, ತಟ್ಟುತ್ತಾರೆ. ಚಿಪ್ಪು ಎರಡಾಗಿ ಬಿರಿಯುತ್ತದೆ. ಹಳದಿ ಕದಡದೆ ಬಟ್ಟಲಿಗಿಳಿಯುತ್ತದೆ. ಬಾಗಿ ನೋಡುತ್ತಾರೆ. ರಕ್ತದ ಎಳೆಯಿಲ್ಲ, ವಾಸನೆಯಿಲ್ಲ. ಬಟ್ಟಲಿನಿಂದ ಅದು ದೊಡ್ಡ ಜಾಡಿಗೆ ಸೇರುತ್ತದೆ. ನಲವತ್ತೆಂಟರಲ್ಲಿ ಇದು ಹನ್ನೊಂದನೆಯದು.

ಇದೂ ಒಂದು ಅಡುಗೆಮನೆಯೇ. ಉಣ್ಣುವವರು ಮಾತ್ರ ಮನುಷ್ಯರಲ್ಲ. ಕ್ಷಯದ ರೋಗಾಣು ಮಹಾ ನಾಜೂಕಿನದು, ದೇಹದ ಹೊರಗೆ ಅದನ್ನು ಬೆಳೆಸಲು ಇಲ್ಲಿ ಮೊಟ್ಟೆಯ ಊಟವನ್ನೇ ಬಡಿಸುತ್ತಾರೆ. ಮೊಟ್ಟೆಗೆ ಲವಣಗಳ ದ್ರಾವಣವನ್ನೂ ಹಸಿರು ಬಣ್ಣವನ್ನೂ ಬೆರೆಸಿ, ಬಟ್ಟೆಯಲ್ಲಿ ಸೋಸಿ, ಗಾಜಿನ ನಳಿಕೆಗಳಿಗೆ ತುಂಬಿ, ಓರೆಯಾಗಿ ಮಲಗಿಸಿ, ಎಂಬತ್ತೈದು ಡಿಗ್ರಿ ಶಾಖದಲ್ಲಿ ಮುಕ್ಕಾಲು ಗಂಟೆ ಇಟ್ಟರೆ ಎಳೆಹಸಿರಿನ ಇಳಿಜಾರೊಂದು ಗಟ್ಟಿಯಾಗುತ್ತದೆ. ಒಂದು ಗುಳ್ಳೆ ಉಳಿದರೂ ಆ ನಳಿಕೆ ಕಸಕ್ಕೆ. ವಾರಕ್ಕೆ ಮೂರು ದಿನ, ದಿನಕ್ಕೆ ನಾನೂರು ನಳಿಕೆ, ಇಪ್ಪತ್ತಾರು ವರ್ಷ. ಒಡೆದ ಮೊಟ್ಟೆಗಳು ಎರಡು ಲಕ್ಷದ ಹತ್ತಿರ ಬಂದಿವೆ. ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಗೊತ್ತು. ಉಳಿದೆಲ್ಲರಿಗೂ ಅವರು ಮೊಟ್ಟೆಯಕ್ಕ.

ಇಂದು ಅವರ ಕೈ ಎಂದಿನಂತೆ ಚುರುಕಾಗಿದ್ದರೂ ಕಿವಿ ಮಹಡಿಯ ಮೇಲಿದೆ. ಅಲ್ಲಿ ಎಂಟು ವಾರಗಳಿಂದ ಬೆಚ್ಚಗೆ ಕುಳಿತಿರುವ ನಳಿಕೆಗಳನ್ನು ಇಂದು ಹೊರತೆಗೆದು ಎಣಿಸುತ್ತಾರೆ. ವಿಜ್ಞಾನಿಯೊಬ್ಬರ ಆರು ವರ್ಷದ ದುಡಿಮೆ ನಿಜವೋ ಭ್ರಮೆಯೋ ಎಂಬುದು ಆ ಎಣಿಕೆಯಲ್ಲಿ ತಿಳಿಯಲಿದೆ. ಅದನ್ನು ಮೊದಲು ಅನುಮಾನಿಸಿದವರು ಮೊಟ್ಟೆಯಕ್ಕ.

ಎಲ್ಲರೂ ‘ಮೇಡಂ’ ಎನ್ನುವ ಆ ವಿಜ್ಞಾನಿ ಬೆನ್ನು ಹತ್ತಿರುವ ಪ್ರಶ್ನೆ ಕೇಳಲು ಸರಳ. ಒಂದೇ ಮನೆ, ಒಂದೇ ಗಾಳಿ, ಒಬ್ಬರಿಗೆ ಕ್ಷಯ. ಅವರ ಪಕ್ಕದಲ್ಲೇ ಮಲಗಿದ ತಂಗಿಗೆ ಏಕೆ ಬರಲಿಲ್ಲ? ಆಕೆಯ ಶ್ವಾಸಕೋಶಕ್ಕೂ ರೋಗಾಣು ಇಳಿದಿರುತ್ತದೆ. ಆದರೆ ದೇಹದ ಕಾವಲು ಕೋಶಗಳು ಅದನ್ನು ನುಂಗಿ, ಸುತ್ತ ಒಂದರ ಮೇಲೊಂದು ಒತ್ತಿ ನಿಂತು, ತಾವೇ ಗೋಡೆಯಾಗುತ್ತವೆ. ಆ ಗೋಡೆಯೊಳಗೆ ರೋಗಾಣು ಸಾಯದೆ, ಬೆಳೆಯದೆ, ಮೂವತ್ತು ನಲವತ್ತು ವರ್ಷ ಕಾದಿರಬಲ್ಲದು. ಕಾವಲುಗಾರರೂ ಅಷ್ಟೇ ವರ್ಷ ಕಣ್ಣು ಮುಚ್ಚದೆ ನಿಲ್ಲಬಲ್ಲರು. ತನ್ನ ಎದೆಯೊಳಗೆ ಇಂಥದೊಂದು ಮುತ್ತಿಗೆ ನಡೆದಿದೆ ಎಂಬ ಸುಳಿವೂ ಇಲ್ಲದೆ ಆ ತಂಗಿ ತಲೆ ಬಾಚಿಕೊಂಡು ಕೆಲಸಕ್ಕೆ ಹೊರಡುತ್ತಾಳೆ. ಇದನ್ನು ಮೊದಲ ಸಲ ಕೇಳಿದಾಗ ಮೊಟ್ಟೆಯಕ್ಕ ಕೈಯಲ್ಲಿದ್ದ ಜಾಡಿಯನ್ನು ಕೆಳಗಿಟ್ಟರಂತೆ.

“ನಮಗೆ ಗೊತ್ತಿಲ್ದೇನೇ ನಮ್ಮನ್ನ ಕಾಯೋರು ಒಳಗೇ ಇದಾರಲ್ಲ ಅನ್ನಿಸ್ತು. ಅವತ್ತು ಮನೆಗೆ ಹೋಗಿ ಎದೆ ಮೇಲೆ ಕೈ ಇಟ್ಕೊಂಡು ಕೂತಿದ್ದೆ” ಎನ್ನುತ್ತಾರೆ.

ಅವರು ಇಲ್ಲಿಗೆ ಬಂದದ್ದು ಗಾಜು ತೊಳೆಯಲು. ಮೂರನೆಯ ವರ್ಷ ಮೊಟ್ಟೆ ಒಡೆಯುತ್ತಿದ್ದ ಹಿರಿಯರು ನಿವೃತ್ತರಾದರು. ಹೋಗುವಾಗ, “ಕಣ್ಣು ಹೇಳಿದ್ದನ್ನ ಮೂಗಿಗೆ ಕೇಳು, ಮೂಗು ಹೇಳಿದ್ದನ್ನ ಕಣ್ಣಿಗೆ ಕೇಳು” ಎಂದಷ್ಟೇ ಕಲಿಸಿಹೋದರು. ಹಸಿರು ಬಣ್ಣದ ಪುಡಿ ಗವಸಿನೊಳಕ್ಕೂ ನುಸುಳಿ ಉಗುರಿಗೆ ಅಂಟಿತು, ಇಂದಿಗೂ ಬಿಟ್ಟಿಲ್ಲ. ಅದಕ್ಕಿಂತ ಬಿಗಿಯಾಗಿ ಅಂಟಿದ್ದು ನೆರೆಯವರ ಭಯ. ಕ್ಷಯದ ಸಂಶೋಧನಾಲಯದಲ್ಲಿ ಕೆಲಸ ಎಂದು ತಿಳಿದ ಮೇಲೆ ಮೆಟ್ಟಿಲಲ್ಲಿ ಎದುರಾದವರು ಸೆರಗಿನಿಂದ ಮೂಗು ಮುಚ್ಚುತ್ತಿದ್ದರು. ರೋಗಾಣುವಿರುವ ಕೋಣೆಗೆ ಮೊಟ್ಟೆಯಕ್ಕನಿಗೆ ಪ್ರವೇಶವೇ ಇಲ್ಲ. ಎರಡು ಬಾಗಿಲು, ನಡುವೆ ದಪ್ಪ ಗಾಜಿನ ಕಿಟಕಿ. ಹೊರಗೆ ನಿಂತು ನೋಡಬಹುದು, ಅಷ್ಟೆ. ಇದನ್ನು ಯಾರಿಗೆ ವಿವರಿಸುವುದು?

ಈ ವಿವರಣೆಯೇ ಬೇಕಿಲ್ಲದವರು ಅವರ ಯಜಮಾನರು, ಬಸ್ ಚಾಲಕರು. ಅವರ ದೂರೇ ಬೇರೆ.

“ಇವಳ ಕೈಲಿ ಒಂದು ಮೊಟ್ಟೆ ಬೇಯಿಸ್ಕೊಂಡು ತಿನ್ಬೇಕಂದ್ರೆ ಹಿಂದಿನ ದಿನಾನೇ ಅರ್ಜಿ ಹಾಕ್ಬೇಕು. ಸೋಪಲ್ಲಿ ತೊಳೀತಾಳೆ, ಬೆಳಕಿಗೆ ಹಿಡೀತಾಳೆ, ಮೂಸ್ತಾಳೆ. ಅಷ್ಟ್ರಲ್ಲಿ ನನ್ನ ಬಸ್ಸು ಊರು ದಾಟಿರುತ್ತೆ.”

“ನೀವು ತಿನ್ನೋ ವೇಗ ನೋಡಿದ್ರೆ ಕೋಳೀನೇ ಇಡೋದು ನಿಲ್ಸುತ್ತೆ” ಎನ್ನುತ್ತಾರೆ ಇವರು, ತಲೆಯೆತ್ತದೆ.

ಹದಿನಾಲ್ಕು ವಾರಗಳ ಹಿಂದಿನ ಮಾತು. ಮೇಡಂ ಆರೋಗ್ಯವಂತರ ರಕ್ತದಿಂದ ಕಾವಲು ಕೋಶಗಳನ್ನು ಬೇರ್ಪಡಿಸಿ, ಅವುಗಳಿಗೆ ರೋಗಾಣುವನ್ನು ನುಂಗಿಸಿದ್ದರು. ಅರ್ಧ ಕೋಶಗಳಿಗೆ ದೇಹವೇ ಸ್ರವಿಸುವ ಒಂದು ಎಚ್ಚರಿಕೆಯ ದ್ರವ್ಯವನ್ನು ಕೊಟ್ಟರು, ಉಳಿದರ್ಧಕ್ಕೆ ಕೊಡಲಿಲ್ಲ. ಆಮೇಲೆ ಎರಡನ್ನೂ ಒಡೆದು, ಬದುಕುಳಿದ ರೋಗಾಣುಗಳನ್ನು ಮೊಟ್ಟೆಯ ನಳಿಕೆಗಳಲ್ಲಿ ಬಿತ್ತಿದರು. ಈ ರೋಗಾಣು ಒಂದು ಎರಡಾಗಲು ಇಪ್ಪತ್ತು ಗಂಟೆ ಬೇಕು. ಕಣ್ಣಿಗೆ ಕಾಣಲು ವಾರಗಳೇ. ಕಾದು ತೆಗೆದಾಗ ದ್ರವ್ಯ ಕೊಡದ ನಳಿಕೆಗಳ ತುಂಬ ಬ್ರೆಡ್ಡಿನ ಪುಡಿ ಚೆಲ್ಲಿದಂತೆ ಮಾಸಲು ಹಳದಿಯ ಬೆಳೆ. ಕೊಟ್ಟವು ಸ್ವಚ್ಛ ಹಸಿರು! ಒಂದೂ ಉಳಿದಿರಲಿಲ್ಲ. ಮೇಡಂ ನಳಿಕೆಗಳ ಸ್ಟ್ಯಾಂಡನ್ನು ಕಿಟಕಿಯ ಗಾಜಿಗೆ ಹಿಡಿದು ಹೊರಗಿದ್ದ ಮೊಟ್ಟೆಯಕ್ಕನಿಗೆ ತೋರಿಸಿದರು. ಮುಖವಾಡದ ಮೇಲೆ ಕಣ್ಣುಗಳು ನಗುತ್ತಿದ್ದವು.

ಮೊಟ್ಟೆಯಕ್ಕನೂ ನಕ್ಕರು. ಆಮೇಲೆ ನಗು ನಿಂತಿತು. ಅವರು ಪ್ರತಿದಿನದ ತಯಾರಿಗೆ ಒಂದೊಂದು ಬಣ್ಣದ ಪಟ್ಟಿ ಅಂಟಿಸುತ್ತಾರೆ. ಬೆಳೆ ತುಂಬಿದ ನಳಿಕೆಗಳಿಗೆಲ್ಲ ಹಳದಿ ಪಟ್ಟಿ. ಬರಿದಾದ ನಳಿಕೆಗಳಿಗೆಲ್ಲ, ಒಂದಕ್ಕೂ ತಪ್ಪದೆ, ನೀಲಿ. ಹಳದಿಯ ತಯಾರಿ ಅರ್ಧಕ್ಕೇ ಮುಗಿದಿದ್ದರಿಂದ ಉಳಿದರ್ಧಕ್ಕೆ ನೀಲಿಯನ್ನು ಕೊಟ್ಟಿದ್ದರು; ಆ ನೀಲಿ ಹೊಸ ಕೋಳಿ ಸಾಕಣೆಯವರ ಮೊದಲ ಮೊಟ್ಟೆ. ಹೊಸ ತಯಾರಿಯಲ್ಲಿ ರೋಗಾಣು ಬೆಳೆಯುತ್ತದೆಯೇ ಎಂದು ಮೊದಲು ಪರೀಕ್ಷಿಸಲು ನಾಲ್ಕು ವಾರ ಹಿಡಿಯುತ್ತದೆ. ಅವಸರದಲ್ಲಿ ಯಾರೂ ಕಾಯಲಿಲ್ಲ.

“ಎರಡು ದಿನ ತುತ್ತು ಇಳೀಲಿಲ್ಲ. ಹೇಳಿದ್ರೆ ಅವರ ಸಂತೋಷ ಹಾಳು, ನನ್ನ ಮೊಟ್ಟೆ ಮೇಲೆ ಗೂಬೆ. ಹೇಳ್ದೇ ಇದ್ರೆ?” ಎನ್ನುತ್ತಾರೆ.

ಭಾನುವಾರ ಅವರು ಯಜಮಾನರ ಬಸ್ಸಿನಲ್ಲೇ ಆ ಕೋಳಿ ಸಾಕಣೆಗೆ ಹೋದರು. ಔಷಧಿ ತಿನ್ನದ ಕೋಳಿಯ ಮೊಟ್ಟೆಯೇ ಬೇಕೆಂದು ಆದೇಶದಲ್ಲಿ ಬರೆದದ್ದನ್ನು ಅಲ್ಲಿ ಯಾರೂ ಓದಿರಲಿಲ್ಲ. ಮಾಲೀಕರು ಹೆಮ್ಮೆಯಿಂದಲೇ ಬರಮಾಡಿಕೊಂಡರು.

“ನಮ್ಮ ಕೋಳಿಗೆ ಒಂದು ನೆಗಡೀನೂ ಬರಲ್ಲಮ್ಮ. ಬರೋಕೆ ಮುಂಚೇನೇ ನೀರಲ್ಲಿ ಔಷಧಿ ಹಾಕ್ಬಿಡ್ತೀವಿ.”

“ದಿನಾನಾ?”

“ದಿನಾ. ಬೇಕಾದ್ರೆ ಡಬ್ಬಿ ತೋರಿಸ್ತೀನಿ.”

ಡಬ್ಬಿಯ ಮೇಲಿನ ಹೆಸರನ್ನು ಬರೆದುಕೊಂಡು ಬಂದು ಸೋಮವಾರ ಮೇಡಂ ಎದುರು ನಿಂತರು. ಲೇಖನ ಪ್ರಕಟಣೆಗೆ ಹೊರಡಲು ಸಿದ್ಧವಾಗಿತ್ತು. ರೋಗಾಣುವನ್ನು ಅಳಿಸಿದ್ದು ಮನುಷ್ಯನ ಕೋಶವಲ್ಲ, ಮೊಟ್ಟೆಯಲ್ಲಿ ಉಳಿದ ಕೋಳಿಯ ಔಷಧಿ ಇರಬಹುದೆಂದು ಹೇಳಿದರು. ಮೇಡಂ ಆ ಚೀಟಿಯನ್ನು ತೆಗೆದುಕೊಂಡು ಓದಿದರು.

“ನಿಮಗೆ ಖಚಿತಾನಾ ಅಕ್ಕ?”

“ಖಚಿತ ಇಲ್ಲ ಮೇಡಂ. ಅದಕ್ಕೇ ಹೇಳ್ತಿದೀನಿ.”

ಲೇಖನ ಮೇಜಿನ ಖಾನೆಗೆ ಹೋಯಿತು. “ತಪ್ಪು ನಿಮ್ಮದಲ್ಲ. ಎರಡು ಗುಂಪಿಗೂ ಒಂದೇ ಬಣ್ಣದ ಪಟ್ಟಿ ಇರಬೇಕಿತ್ತು. ಊರಿಗೆಲ್ಲ ಪಾಠ ಹೇಳೋ ನಾನೇ ಅದನ್ನ ಮರೆತೆ” ಎಂದು ಮೇಡಂ ಮತ್ತೆ ಮೊದಲಿನಿಂದ ಆರಂಭಿಸಿದರು. ಮೊಟ್ಟೆಯಕ್ಕ ಪೇಟೆಯಾಚೆ ಹುಡುಕಾಡಿ, ಔಷಧಿಯ ಸೋಂಕಿಲ್ಲದ ಹಿತ್ತಲ ಕೋಳಿಗಳ ಮೊಟ್ಟೆ ತಂದರು. ಈ ಸಲ ನಾಲ್ಕು ವಾರ ಕಾದು, ರೋಗಾಣು ಅದರಲ್ಲಿ ಚೆನ್ನಾಗಿ ಬೆಳೆಯುತ್ತದೆಂದು ಖಚಿತವಾದ ಮೇಲೆಯೇ ಬಳಸಿದರು. ಎಲ್ಲ ನಳಿಕೆಗೂ ಒಂದೇ ಬಿಳಿ ಪಟ್ಟಿ. ನಡುವೆ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು, “ಅಕ್ಕ, ನೀವು ಬಾಯಿ ಬಿಡ್ದೇ ಇದ್ದಿದ್ರೆ ಇಷ್ಟೊತ್ತಿಗೆ ನಮ್ಮ ಹೆಸರು ಎಲ್ಲೋ ಇರ್ತಿತ್ತು” ಎಂದು ಚುಚ್ಚಿದಳು.

“ಇರ್ತಿತ್ತಮ್ಮ. ಎಲ್ಲಿ ಅಂತ ಮಾತ್ರ ಕೇಳ್ಬೇಡ” ಎಂದರು ಇವರು.

ಗಂಟೆ ಹನ್ನೊಂದು. ಇಂದಿನ ನಾನೂರು ನಳಿಕೆಗಳು ಶಾಖದಿಂದ ಹೊರಬಂದು ಆರುತ್ತಿವೆ. ಮೆಟ್ಟಿಲಲ್ಲಿ ಹೆಜ್ಜೆಯ ಸದ್ದು. ಮೇಡಂ ಬಂದು, ಇಷ್ಟು ವರ್ಷಗಳಲ್ಲಿ ಮೊದಲ ಸಲ, ಈ ಕೋಣೆಯ ಮರದ ಸ್ಟೂಲಿನ ಮೇಲೆ ಕೂರುತ್ತಾರೆ. ಸೋಪಿನಲ್ಲಿ ಉಜ್ಜಿ ತೊಳೆದ ಅವರ ಕೈಗಳು ಕೆಂಪಾಗಿವೆ.

“ಪವಾಡ ಇಲ್ಲ ಅಕ್ಕ. ದ್ರವ್ಯ ಕೊಡದ ಕಡೆ ನೂರು ಬೆಳೆದ್ರೆ, ಕೊಟ್ಟ ಕಡೆ ಅರವತ್ತೆರಡು.”

“ಅಂದ್ರೆ ಸೋತ್ವಾ ಮೇಡಂ?”

“ಇಲ್ಲ. ಮೂವತ್ತೆಂಟು ಸತ್ತಿವೆ. ಮೂರು ಸಲ ಎಣಿಸ್ದೆ. ಈ ಸಲ ಕೊಂದಿದ್ದು ಕೋಳಿ ಔಷಧಿ ಅಲ್ಲ, ಮನುಷ್ಯರ ರಕ್ತ.”

ಮೊಟ್ಟೆಯಕ್ಕ ಗವಸು ಕಳಚಿ, ಆರುತ್ತಿರುವ ನಳಿಕೆಯೊಂದನ್ನು ಎತ್ತಿ ಬೆಳಕಿಗೆ ಹಿಡಿಯುತ್ತಾರೆ. ನೂರರಲ್ಲಿ ಮೂವತ್ತೆಂಟು. ಸಾವಿರಾರು ವರ್ಷಗಳಿಂದ ಮನುಷ್ಯರ ಉಸಿರು ಕಸಿದ ಒಂದು ಜೀವಿಯ ಎದುರು, ಹನಿ ರಕ್ತದೊಳಗಿನ ಕಣ್ಣಿಗೆ ಕಾಣದ ಕಾವಲು ಇಷ್ಟನ್ನು ಗೆದ್ದಿದೆ. ಈ ಸಂಖ್ಯೆ ಚಿಕ್ಕದು, ಆದರೆ ಯಾರು ಎಲ್ಲಿ ಅಳೆದು ನೋಡಿದರೂ ಅಲುಗದು ಎಂಬ ಭರವಸೆ ಮೇಡಂ ಮುಖದಲ್ಲಿದೆ.

ನಿವೃತ್ತಿಗೆ ಇನ್ನು ಆರು ವರ್ಷ. ಅಷ್ಟರೊಳಗೆ ಏನಾದರೂ ಆಸೆಯಿದೆಯೇ ಎಂದರೆ ಮೊಟ್ಟೆಯಕ್ಕ ನಾಚುತ್ತಾರೆ. ಆರುತ್ತಿರುವ ನಳಿಕೆಗಳ ಸಾಲಿನತ್ತ ನೋಡುತ್ತಾರೆ.

“ಊರಲ್ಲಿರೋ ಕೆಮ್ಮೋರೆಲ್ಲರ ಕಫ ತಂದು ನನ್ನ ನಳಿಕೇಲಿ ಹಾಕ್ಲಿ. ಎಂಟು ವಾರ ಕಾಯ್ಲಿ. ಒಂದ್ರಲ್ಲೂ ಏನೂ ಬೆಳೀಬಾರ್ದು. ಆಗ ಎಲ್ರೂ ಓಡ್ಬಂದು ಮೊದಲು ನನ್ನ ಮೊಟ್ಟೇನ ಅನುಮಾನಿಸ್ಲಿ, ಪರೀಕ್ಷೆ ಮಾಡ್ಲಿ. ಮೊಟ್ಟೇಲಿ ಏನೂ ತಪ್ಪಿಲ್ಲ ಅಂತ ಆಗ್ಲಿ.”